ಹಂದಿಯ ಹೊಟ್ಟೆಯಲ್ಲಿ ಕಂಡ ಹಂಗೇರಿ

ಹೊರಡುವ ಮುನ್ನ, ತೀರ್ಥಹಳ್ಳಿ

ಹಂಗೇರಿಗೆ ಹೋಗಿ ಬಂದವರು ಡ್ಯಾನ್ಯೂಬ್ ನದಿಯ ಬಗ್ಗೆ ಬರೆಯಬೇಕು. ನಾನು ಅದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಅಗಲವಾಗಿದೆ, ಬೂದು ಬಣ್ಣಕ್ಕಿದೆ. ಮಳೆಗಾಲದ ತುಂಗೆಯನ್ನು ಕಂಡವರು ಎದ್ದು ನಿಲ್ಲಬೇಕಾದಂಥದ್ದೇನೂ ಅದರಲ್ಲಿಲ್ಲ. ಆ ದೇಶದಲ್ಲಿ ನಾನು ಸರಿಯಾಗಿ ನೋಡಿದ್ದು ಒಂದು ಹಂದಿಯ ಹೊಟ್ಟೆಯ ಒಳಭಾಗವನ್ನು ಮಾತ್ರ. ಆದ್ದರಿಂದ ಬರೆಯುವುದೂ ಅದರ ಬಗ್ಗೆಯೇ. ಊಟಕ್ಕೆ ಕೂತವರು ಊಟ ಮುಗಿಸಿಯೇ ಓದಿ.

ನಾನು ತೀರ್ಥಹಳ್ಳಿಯಲ್ಲಿ ಸರ್ಜನ್. ನನ್ನ ಕೆಲಸದಲ್ಲಿ ಅರ್ಧ ಪಾಲು ಹರ್ನಿಯಾ. ಹೊಟ್ಟೆಯ ಗೋಡೆ ಒಂದು ಕಡೆ ಸೋತು, ಆ ಕಿಂಡಿಯಿಂದ ಕರುಳು ಚರ್ಮದ ಕೆಳಗೆ ಉಬ್ಬಿಕೊಂಡು ಬರುವ ಕಾಯಿಲೆ ಅದು. ಕಿಂಡಿಗೆ ಪ್ಲಾಸ್ಟಿಕ್ ಎಳೆಯ ಜಾಲರಿ ಇಟ್ಟು ಮುಚ್ಚುತ್ತೇವೆ. ದೇಹ ಆ ಜಾಲರಿಯ ಕಣ್ಣುಗಳೊಳಗೆ ತನ್ನ ಅಂಗಾಂಶ ಬೆಳೆಸಿ ಅದನ್ನು ಭದ್ರವಾಗಿ ಹಿಡಿದುಕೊಳ್ಳುತ್ತದೆ. ಆದರೆ ದೇಹಕ್ಕೆ ಹಿಡಿಯುವುದು ಗೊತ್ತೇ ಹೊರತು ಎಲ್ಲಿ ಬಿಡಬೇಕೆಂಬುದು ಗೊತ್ತಿಲ್ಲ. ಜಾಲರಿಗೆ ಕರುಳು ತಗಲಿದರೆ ಕರುಳನ್ನೂ ಅಂಟಿಸಿಕೊಂಡುಬಿಡುತ್ತದೆ. ಇದಕ್ಕೆ ಪರಿಹಾರವೆಂದು ಕಂಪನಿಗಳು ಕರುಳಿನ ಬದಿಗೆ ಒಂದು ತೆಳು ಲೇಪ ಹಚ್ಚಿದ ಜಾಲರಿ ಮಾಡಿವೆ. ಲೇಪ ಸ್ವಲ್ಪ ಕಾಲದಲ್ಲಿ ಕರಗುತ್ತದೆ. ಅಷ್ಟರೊಳಗೆ ದೇಹ ಆ ಜಾಗಕ್ಕೆ ತನ್ನದೇ ನುಣುಪಾದ ಪೊರೆ ಹೊದಿಸಿರುತ್ತದೆ. ಕರುಳು ಅಂಟುವ ಪ್ರಶ್ನೆಯೇ ಇಲ್ಲ. ಹಾಗಂತ ಬಣ್ಣದ ಪುಸ್ತಿಕೆಯಲ್ಲಿದೆ.

ಅಂಥ ಜಾಲರಿಯ ಒಂದು ಕಂಪನಿ ನನ್ನನ್ನೂ ಸಾಗರದ ಹಿರಿಯ ಸರ್ಜನ್ ಭಟ್ಟರನ್ನೂ ಬುಡಾಪೆಸ್ಟಿಗೆ ತರಬೇತಿಗೆಂದು ಕರೆಯಿತು. ಭಟ್ಟರು ಅದೇ ಜಾಲರಿಯನ್ನು ಎಷ್ಟೋ ಜನರಿಗೆ ಇಟ್ಟವರು. ನಾನು ಒಬ್ಬರಿಗೂ ಇಟ್ಟಿರಲಿಲ್ಲ. ಹಾಗಾಗಿ ಭಟ್ಟರಿಗೆ ಇದು ಬಹುಮಾನ, ನನಗೆ ದೀಕ್ಷೆ.

ಹೊರಡುವ ಮುಂಚೆ ಮೇಳಿಗೆಯ ಸುಶೀಲಮ್ಮ ತೋರಿಸಿಕೊಳ್ಳಲು ಬಂದಿದ್ದರು. ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುವ ಹೆಂಗಸು. ಹಳೆಯ ಸಿಸೇರಿಯನ್ ಗಾಯದ ಜಾಗದಲ್ಲಿ ಹರ್ನಿಯಾ ಆಗಿ, ಅನ್ನದ ಹಂಡೆ ಎತ್ತಿದಾಗೆಲ್ಲ ಹೊಟ್ಟೆ ಮುಂದಕ್ಕೆ ಬರುತ್ತಿತ್ತು. ಜಾಲರಿಯ ವಿಷಯ ವಿವರಿಸಿದೆ.

"ಒಳಗೆ ಬಲೆ ಹಾಕ್ತೀರಾ? ನಾನೆಂತ ಮೀನಾ ಡಾಕ್ಟ್ರೇ?" ಅಂದರು. ಆಮೇಲೆ, "ಹೋಗಿ ಬನ್ನಿ. ಫಾರಿನ್ನಲ್ಲಿ ಯಾವುದು ಒಳ್ಳೇದು ಅಂತಾರೋ ಅದ್ನೇ ಹಾಕಿ. ಅಲ್ಲೀವರೆಗೆ ಬಟ್ಟೆ ಕಟ್ಕೊಂಡಿರ್ತೀನಿ" ಅಂದರು.

ನಮ್ಮದು ಜೈನರ ಮನೆ. ಅಮ್ಮ ಮುಸ್ಸಂಜೆಯ ಮೇಲೆ ನೀರನ್ನೂ ಸೋಸಿ ಯೋಚಿಸಿ ಕುಡಿಯುವವರು. "ಅಲ್ಲಿ ಎಂತ ಕಲಿಸ್ತಾರೆ?" ಎಂದು ಕೇಳಿದರು. ಹಂದಿಗಳಿಗೆ ಮೊದಲೇ ಜಾಲರಿ ಇಟ್ಟಿರುತ್ತಾರೆ, ಈಗ ಮತ್ತೆ ತೆರೆದು ಒಳಗೆ ಹೇಗೆ ಕೂತಿದೆ ಎಂದು ತೋರಿಸುತ್ತಾರೆ ಎಂದೆ.

"ತೆರೆದು ನೋಡಿದ್ಮೇಲೆ?"

"ಹೊಲಿಯೋದಿಲ್ಲ, ಅಮ್ಮ."

ಅಮ್ಮ ಎದ್ದು ಅಡುಗೆಮನೆಗೆ ಹೋದರು. ನನ್ನ ಪೆಟ್ಟಿಗೆಗೆ ಚಟ್ನಿಪುಡಿಯನ್ನು ಮಾತ್ರ ಬೇಕಾದ್ದಕ್ಕಿಂತ ಹೆಚ್ಚೇ ತುಂಬಿದರು.

ಬುಡಾಪೆಸ್ಟ್, ಹೋಟೆಲು

ಆ ಚಟ್ನಿಪುಡಿ ನನ್ನನ್ನು ಬದುಕಿಸಿತು. ಹಂಗೇರಿಯವರಿಗೆ ಹಂದಿಯೆಂದರೆ ಬರೀ ಮಾಂಸವಲ್ಲ, ಒಂದು ಸ್ವಭಾವ. ಆಲೂಗಡ್ಡೆಯನ್ನು ಅದರ ಕೊಬ್ಬಿನಲ್ಲಿ ಹುರಿಯುತ್ತಾರೆ. ಎಲೆಕೋಸನ್ನು ಅದರ ಜೊತೆ ಬೇಯಿಸುತ್ತಾರೆ. ತರಕಾರಿ ಸಾರು ಎಂದು ಬರೆದದ್ದನ್ನು ತರಿಸಿದರೆ ಅದರಲ್ಲಿ ಕೆಂಪಗಿನ ಸಾಸೇಜು ದೋಣಿಯ ಹಾಗೆ ತೇಲುತ್ತಿತ್ತು. ಬಡಿಸುವವನಿಗೆ ತೋರಿಸಿದೆ. ಅವನು ಬಹಳ ಸೌಜನ್ಯದಿಂದ ಅದನ್ನು ಚಮಚದಲ್ಲಿ ಎತ್ತಿ ಪಕ್ಕಕ್ಕಿಟ್ಟು, "ಈಗ ಸಸ್ಯಾಹಾರ" ಎಂದ. ಅವನ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

ಭಟ್ಟರು ಪಕ್ಕದ ಮೇಜಿನಿಂದ ಹೆಂಡತಿಗೆ ಫೋನು ಮಾಡಿ ಹವ್ಯಕರ ಮನೆಮಾತಿನಲ್ಲಿ ಹೇಳುತ್ತಿದ್ದರು. "ತಿಂಬಲೆ ಎಂತೂ ಸಿಕ್ತಿಲ್ಲೆ ಮಾರಾಯ್ತಿ. ಮೊಸರು ಇದ್ದು. ಅದ್ರಲ್ಲೇ ದಿನ ದೂಡ್ತಾ ಇದ್ದಿ." ಹಾಗೆನ್ನುತ್ತಲೇ ಎರಡನೆಯ ಚಾಕೊಲೇಟ್ ಕೇಕಿಗೆ ಚಮಚ ಹಾಕಿದರು.

ನಮ್ಮನ್ನು ಕರೆತಂದ ಕಂಪನಿಯ ರೋಹಿತ್ ಬೆಂಗಳೂರಿನ ಹುಡುಗ. ಸದಾ ಇಸ್ತ್ರಿಯಲ್ಲಿರುತ್ತಿದ್ದ. ನನಗೆ ಹೊಟ್ಟೆ ಹಸಿದಿದೆಯೆಂದರೆ "ನೋಟೆಡ್ ಮೇಡಂ" ಅನ್ನುತ್ತಿದ್ದ. ರೂಮಿನಲ್ಲಿ ಬಿಸಿನೀರು ಬರುತ್ತಿಲ್ಲವೆಂದರೂ "ನೋಟೆಡ್ ಮೇಡಂ." ಆಮೇಲೆ ಏನೂ ಆಗುತ್ತಿರಲಿಲ್ಲ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಕನಿಷ್ಠ "ನಾಳೆ ಬನ್ನಿ" ಎಂಬ ಭರವಸೆಯಾದರೂ ಸಿಗುತ್ತದೆ.

ಉಪನ್ಯಾಸದ ದಿನ

ಮೊದಲ ದಿನ ಬರೀ ಮಾತು. ಬೋ ಟೈ ಕಟ್ಟಿದ ಪ್ರೊಫೆಸರೊಬ್ಬರು ಅಂಗಾಂಶ ಹೇಗೆ ಜಾಲರಿಯನ್ನು "ಸ್ವಾಗತಿಸುತ್ತದೆ" ಎಂದು ವಿವರಿಸಿದರು. ನಾನು ಓದಿದ ಪುಸ್ತಕಗಳಲ್ಲಿ ಅಂಗಾಂಶ ಯಾವುದನ್ನೂ ಸ್ವಾಗತಿಸುವುದಿಲ್ಲ. ಹೊರಗಿನ ವಸ್ತು ಬಂದರೆ ಮೊದಲು ಮುತ್ತುತ್ತದೆ, ತಿನ್ನಲು ನೋಡುತ್ತದೆ, ತಿನ್ನಲಾಗದಿದ್ದರೆ ಗಾಯದ ನಾರಿನಿಂದ ಗೋಡೆ ಕಟ್ಟಿ ಕೂಡಿಹಾಕುತ್ತದೆ. ಪ್ರೊಫೆಸರ ಚಿತ್ರಗಳಲ್ಲಿ ಮಾತ್ರ ಎಲ್ಲವೂ ತಿಳಿ ಗುಲಾಬಿ. ಬೀಗರ ಮನೆಯವರು ಆರತಿ ಹಿಡಿದು ನಿಂತ ಹಾಗಿತ್ತು.

ಕೊನೆಯ ಸ್ಲೈಡಿನಲ್ಲಿ ಹಸಿರು ಹುಲ್ಲಿನ ಮೇಲೆ ಒಂದು ಹಂದಿಮರಿ. ಕೆಳಗೆ "ನಮ್ಮ ಮೌನ ಸಹೋದ್ಯೋಗಿಗಳಿಗೆ ಕೃತಜ್ಞತೆ." ಸಭೆ ಎದ್ದು ಚಪ್ಪಾಳೆ ತಟ್ಟಿತು. ಭಟ್ಟರೂ ತಟ್ಟಿದರು. ಸಹೋದ್ಯೋಗಿಗಳನ್ನು ಯಾವ ಕಂಪನಿಯೂ ಕೆಲಸ ಮುಗಿದ ದಿನವೇ ಕೊಲ್ಲುವುದಿಲ್ಲವಲ್ಲ ಎಂದುಕೊಂಡು ನಾನು ಕೂತೇ ಇದ್ದೆ.

ಬಿಸಿನೀರಿನ ಕೊಳ

ಸಂಜೆ ನಮ್ಮನ್ನು ಒಂದು ಬಿಸಿನೀರಿನ ಸ್ನಾನದ ಮನೆಗೆ ಕರೆದೊಯ್ದರು. ಅರಮನೆಯಂಥ ಕಟ್ಟಡ, ಹಳದಿ ಗೋಡೆ, ಕಲ್ಲಿನ ದೇವತೆಗಳು, ನಡುವೆ ಹಬೆಯಾಡುವ ಕೊಳ. ನೂರಾರು ಜನ ಚಡ್ಡಿಯಲ್ಲಿ ನಿಂತುಕೊಂಡು ಏನೂ ಮಾಡುತ್ತಿರಲಿಲ್ಲ. ನಮ್ಮಲ್ಲಿ ಸ್ನಾನಕ್ಕೆ ಒಂದು ಉದ್ದೇಶವಿದೆ: ಕೊಳೆ ಹೋಗಬೇಕು, ಇಲ್ಲವೇ ಪಾಪ ಹೋಗಬೇಕು. ಇಲ್ಲಿ ಎರಡೂ ಹೋಗುವ ಲಕ್ಷಣ ಕಾಣಲಿಲ್ಲ. ಚೂಡಿದಾರದಲ್ಲಿ ನೀರಿಗಿಳಿಯಲು ಹೊರಟ ನನ್ನನ್ನು ಕಾವಲಿನ ಹೆಂಗಸು ತೋಳು ಹಿಡಿದು ಮೇಲೆಳೆದಳು. ನಾನು ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂತೆ.

ಸರ್ಜನ್ನರು ಇಂಥ ಕಡೆ ದೇವತೆಗಳನ್ನು ನೋಡುವುದಿಲ್ಲ, ಹೊಟ್ಟೆಗಳನ್ನು ನೋಡುತ್ತಾರೆ. ನನ್ನೆದುರು ಇಬ್ಬರು ಮುದುಕರು ಎದೆಮಟ್ಟ ನೀರಿನಲ್ಲಿ ನಿಂತು ತೇಲುವ ಹಲಗೆಯ ಮೇಲೆ ಚದುರಂಗ ಆಡುತ್ತಿದ್ದರು. ಒಬ್ಬಾತ ಮೆಟ್ಟಿಲೇರಿ ನಿಂತು ಕೆಮ್ಮಿದ. ಹೊಕ್ಕುಳ ಮೇಲೆ ತೆಂಗಿನಕಾಯಿಯಷ್ಟು ಉಬ್ಬು ಹೊರಬಂತು. ಅದನ್ನು ಅಂಗೈಯಿಂದ ಒತ್ತಿ ಒಳಗೆ ಕಳಿಸಿ, ಮತ್ತೆ ನೀರಿಗಿಳಿದು ಕುದುರೆ ನಡೆಸಿದ.

"ಆಪರೇಷನ್ ಕೇಸು ಕಣ್ರೀ" ಎಂದು ಭಟ್ಟರು ನೀರಿನೊಳಗಿಂದಲೇ ಪಿಸುಗುಟ್ಟಿದರು.

"ಜಾಲರಿ ಹಾಕೋದು ಕಲಿಸೋ ಊರಲ್ಲೇ ಹಾಕಿಸ್ಕೊಳ್ಳದೆ ಓಡಾಡ್ತಾ ಇದಾನಲ್ಲ" ಎಂದೆ.

"ನಿಮಗೆ ಎಲ್ಲದರಲ್ಲೂ ಅನುಮಾನ. ನಾನು ಇಷ್ಟು ಜನಕ್ಕೆ ಹಾಕಿದೀನಿ. ಒಬ್ಬರಾದ್ರೂ ವಾಪಸ್ ಬಂದಿದಾರಾ?"

ವಾಪಸ್ ಬರದವರು ಸುಖವಾಗಿದ್ದಾರೆಂದೇ ಅರ್ಥವೇ ಎಂದು ಕೇಳಬೇಕೆಂದಿದ್ದೆ. ಭಟ್ಟರು ಅಷ್ಟರಲ್ಲಿ ಕಣ್ಣು ಮುಚ್ಚಿ ಕಿವಿವರೆಗೆ ಮುಳುಗಿದ್ದರು.

ಪ್ರಯೋಗಾಲಯ

ಮರುದಿನ ಊರ ಹೊರಗಿನ ಪ್ರಯೋಗಾಲಯ. ಒಳಗೆ ಮೂರು ಮೇಜು, ಮೂರರ ಮೇಲೂ ಹಸಿರು ಬಟ್ಟೆ ಹೊದ್ದ, ಅರಿವಳಿಕೆಯಲ್ಲಿದ್ದ ಹಂದಿಗಳು. ಮೂಗಿಗೆ ಕೊಳವೆ, ಎದೆ ನಿಧಾನವಾಗಿ ಏರಿ ಇಳಿಯುತ್ತಿತ್ತು. ಅರಿವಳಿಕೆ ನೋಡಿಕೊಳ್ಳುತ್ತಿದ್ದವಳು ಒಬ್ಬ ಪಶುವೈದ್ಯೆ. ಯೂಡಿತ್ ಎನ್ನೋಣ, ನಿಜವಾದ ಹೆಸರು ಅದಲ್ಲ. ಅಂಗಾಂಶ ಪರೀಕ್ಷೆಯೂ ಅವಳದೇ. ಬೆಳಿಗ್ಗೆಯಿಂದ ಅವಳು ಹಂದಿಗಳ ಕಿವಿ ಮುಟ್ಟಿ ಬೆಚ್ಚಗಿದೆಯೇ ಎಂದು ನೋಡುತ್ತಿದ್ದಳು, ಅಷ್ಟೆ.

ಮೊದಲನೆಯದರ ಹೊಟ್ಟೆಗೆ ಕ್ಯಾಮೆರಾ ಇಳಿಯಿತು. ಪರದೆಯ ಮೇಲೆ ಜಾಲರಿ, ಅದರ ಮೇಲೆ ಮೊಟ್ಟೆಯ ಒಳಪೊರೆಯಂಥ ನುಣುಪು ಹೊದಿಕೆ. ಕರುಳು ಕೆಳಗೆ ಸ್ವತಂತ್ರವಾಗಿ ಜಾರಾಡುತ್ತಿತ್ತು. ನಿಜಕ್ಕೂ ಚೆನ್ನಾಗಿತ್ತು. ನಾನೂ ಒಪ್ಪಿದೆ. ಎರಡನೆಯದರಲ್ಲಿ ಸ್ವಲ್ಪ ಕೊಬ್ಬು ಅಂಟಿತ್ತು. "ಲೆಕ್ಕಕ್ಕಿಲ್ಲದ್ದು" ಎಂದರು ಪ್ರೊಫೆಸರು.

ಮೂರನೆಯದಕ್ಕೆ ಕ್ಯಾಮೆರಾ ಹೋದದ್ದೇ ಪರದೆಯ ತುಂಬ ಏನೋ ಕೆಂಪಗೆ ಜೋತಾಡಿದಂತಾಯಿತು. ಚಿತ್ರ ಕಪ್ಪಾಯಿತು.

"ತಾಂತ್ರಿಕ ತೊಂದರೆ. ಕಾಫಿಗೆ ಹೋಗೋಣ" ಎಂದರು ಪ್ರೊಫೆಸರು, ನಗುತ್ತ.

ಎಲ್ಲರೂ ಹೋದರು. ಕಾಫಿಯ ಜೊತೆಗಿನ ಬಿಸ್ಕತ್ತಿನಲ್ಲೂ ಹುರಿದ ಹಂದಿಕೊಬ್ಬಿನ ಚೂರು ಇರುತ್ತದೆಂದು ನಾನು ಹಿಂದಿನ ದಿನ ಕಚ್ಚಿದ ಮೇಲೆ ತಿಳಿದುಕೊಂಡಿದ್ದೆ. ಹಾಗಾಗಿ ಅಲ್ಲೇ ಉಳಿದೆ. ಯೂಡಿತ್ ಸಿರಿಂಜಿನಲ್ಲಿ ಕೊನೆಯ ಔಷಧ ತುಂಬುತ್ತಿದ್ದಳು. ನನ್ನನ್ನು ನೋಡಿ ನಿಲ್ಲಿಸಿದಳು.

"ನೋಡಬೇಕಾ?" ಎಂದು ಕೇಳಿದಳು. "ಬೇಗ."

ಅವಳು ಕ್ಯಾಮೆರಾದ ತಂತಿ ಮತ್ತೆ ಸಿಕ್ಕಿಸಿದಳು. ಅದು ಕಳಚಿದ್ದಷ್ಟೆ. ಪರದೆ ಬೆಳಗಿತು. ಜಾಲರಿಯ ಒಂದು ಅಂಚಿಗೆ, ಅದನ್ನು ಗೋಡೆಗೆ ಬಡಿದ ಪುಟ್ಟ ಮೊಳೆಗಳ ಸಾಲಿಗೆ, ಕರುಳಿನ ಸುರುಳಿಯೊಂದು ಹೊಲಿದ ಹಾಗೆ ಅಂಟಿಕೊಂಡಿತ್ತು. ಮೇಲಿನ ಕರುಳು ಉಬ್ಬಿತ್ತು, ಕೆಳಗಿನದು ಬತ್ತಿತ್ತು. ಗ್ಲೌಸು ಹಾಕಿಕೊಂಡು ಉಪಕರಣದಿಂದ ಮೆಲ್ಲಗೆ ಎಳೆದು ನೋಡಿದೆ. ಜಾಲರಿ, ಕರುಳು, ಗೋಡೆ, ಮೂರೂ ಒಟ್ಟಿಗೇ ಬಂದವು.

"ಮೊಳೆ ಹೊಡೆದ ಕಡೆ ಲೇಪ ಒಡೆಯುತ್ತದೆ" ಎಂದಳು ಯೂಡಿತ್. "ದೇಹ ಹೊಸ ಪೊರೆ ಹೊದಿಸುವ ಮೊದಲೇ ಕರುಳು ಅಲ್ಲಿಗೆ ತಗಲುತ್ತದೆ. ಎಲ್ಲದರಲ್ಲೂ ಅಲ್ಲ, ಕೆಲವದರಲ್ಲಿ."

"ಇದನ್ನು ಏನೆಂದು ಬರೆಯುತ್ತಾರೆ?"

"ಸೋಂಕು ಎಂದು. ಸೋಂಕಾದ ಪ್ರಾಣಿಯನ್ನು ಅಧ್ಯಯನದ ಲೆಕ್ಕದಿಂದ ಕೈಬಿಡಬಹುದು."

"ಸೋಂಕು ಇದೆಯೇ?"

ಅವಳು ಅಂಟಿದ ಜಾಗದಿಂದ ಒಂದು ಚೂರು ಕತ್ತರಿಸಿ ತೆಗೆದಳು. ಆಮೇಲೆ ಹಂದಿಯ ಕಿವಿಯ ಮೇಲೆ ಕೈಯಿಟ್ಟು ಔಷಧ ಕೊಟ್ಟಳು. ಎದೆ ಒಮ್ಮೆ ಏರಿತು, ಇಳಿಯಿತು, ಮತ್ತೆ ಏರಲಿಲ್ಲ. ಮನೆಯಲ್ಲಿ ಇರುವೆ ಸಾಲು ದಾಟಿ ನಡೆಯಲು ಕಲಿಸಿದ ಅಮ್ಮ ನೆನಪಾದರು. ನಾನು ಗೋಡೆಯ ಕಡೆಗೆ ತಿರುಗಿ ನಿಂತೆ.

ಪಕ್ಕದ ಕೋಣೆಯಲ್ಲಿ ಅವಳು ಆ ಚೂರನ್ನು ಹಿಮಗಟ್ಟಿಸಿ, ತೆಳುವಾಗಿ ಹೆರೆದು, ಬಣ್ಣ ಹಚ್ಚಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಪ್ಲಾಸ್ಟಿಕ್ ಎಳೆಗಳಿದ್ದ ಜಾಗ ಗುಂಡಗಿನ ತೂತುಗಳಾಗಿ ಕಂಡಿತು. ಪ್ರತಿ ತೂತಿನ ಸುತ್ತ ತಿನ್ನಲಾಗದ್ದನ್ನು ತಿನ್ನಲು ಒಂದಾಗಿ ಕೂತ ದೈತ್ಯ ಜೀವಕೋಶಗಳು, ಅವುಗಳ ಸುತ್ತ ದಪ್ಪ ಗಾಯದ ನಾರು, ಆ ನಾರು ನೇರವಾಗಿ ಕರುಳಿನ ಗೋಡೆಯೊಳಕ್ಕೆ. ಸೋಂಕಿದ್ದರೆ ಕೀವಿನ ಕಣಗಳು ಮುತ್ತಿರಬೇಕಿತ್ತು. ಹುಡುಕಿದೆ. ಅಲ್ಲಿ ಅವು ಇರಲಿಲ್ಲ.

"ನನ್ನ ಹೆಸರು ಎತ್ತಬೇಡಿ" ಎಂದಳು ಯೂಡಿತ್. "ನನಗೆ ಈ ಕೆಲಸ ಬೇಕು."

ಸಮಾರೋಪದಲ್ಲಿ ಪ್ರಶ್ನೆಗಳುಂಟೇ ಎಂದರು. ಎದ್ದು ನಿಂತು ಕೇಳಿದೆ: "ಮೂರನೆಯ ಪ್ರಾಣಿಯ ವಿಷಯ?"

"ಅದಕ್ಕೆ ಸೋಂಕಾಗಿತ್ತು" ಎಂದರು ಪ್ರೊಫೆಸರು. "ತಮ್ಮ ಊರು ಯಾವುದೆಂದಿರಿ?"

ಹೇಳಿದೆ.

"ಓಹೋ" ಎಂದು ಅವರು ಮಗುವಿನ ಜೊತೆ ಮಾತಾಡುವವರಂತೆ ತಲೆ ಆಡಿಸಿದರು. "ಅನುಭವ ಬಂದಂತೆ ಇವೆಲ್ಲ ಸಹಜವಾಗಿ ಅರ್ಥವಾಗುತ್ತದೆ."

ನಾಲ್ಕು ಕಡೆಯಿಂದ ನಗು. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಹೇಳಿದರೆ ಯೂಡಿತ್ ಸಿಕ್ಕಿಬೀಳುತ್ತಿದ್ದಳು. ಕೂತುಬಿಟ್ಟೆ. ರೋಹಿತ್ ಬಗ್ಗಿ, "ಮೇಡಂ, ಬೋಟ್ ಡಿನ್ನರ್‌ಗೆ ಬಸ್ ರೆಡಿ" ಅಂದ. ಬರುವುದಿಲ್ಲ ಎಂದೆ. ಭಟ್ಟರು ಫೋನಿನಲ್ಲಿ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಆ ಫೋನು ಚಾರ್ಜ್ ಮುಗಿದು ಆರಿಹೋಗಿತ್ತು.

ಮೂರನೆಯ ಹಂದಿಯಲ್ಲಿ ಕಂಡದ್ದನ್ನು ವಿಮಾನ ನಿಲ್ದಾಣದಲ್ಲಿ ಭಟ್ಟರಿಗೆ ಹೇಳಿದ್ದೆ. ವಿಮಾನದಲ್ಲಿ ಅವರೇ ಮಾತು ತೆಗೆದರು. "ಒಂದು ಹಂದಿ ಕಂಡು ಹೆದರೋದಾ ಡಾಕ್ಟ್ರೇ? ಅದು ಮೊಳೆ ಹೊಡೆದವನ ತಪ್ಪು."

"ನೀವು ಮೊಳೆ ಹೊಡೆಯಲ್ವಾ?"

ಅವರು ಕಂಬಳಿ ಎಳೆದುಕೊಂಡರು.

ಮರಳಿ ಮನೆಗೆ

ಅಮ್ಮನಿಗೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಅಂದರು, "ಕೊಂದ್ರು, ಸರಿ. ನಾಳೆ ಯಾರಿಗೋ ಉಪಯೋಗ ಆಗ್ಲಿ ಅಂತ ಕೊಂದ್ರು ಅಂತಿಟ್ಕೋ. ಕೊಂದ್ಮೇಲೆ ಅದು ಇರ್ಲೇ ಇಲ್ಲ ಅಂದ್ರೆ, ಆ ಜೀವ ಹೋಗಿದ್ದು ಎಂತಕ್ಕೆ?"

ಪ್ರೊಫೆಸರ ಹಸಿರು ಹುಲ್ಲಿನ ಸ್ಲೈಡಿಗೆ ಎದ್ದು ನಿಂತ ಸಭೆಯಲ್ಲಿ ಒಬ್ಬರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಸುಶೀಲಮ್ಮನಿಗೆ ನಾನು ಲೇಪದ ಜಾಲರಿ ಇಡಲಿಲ್ಲ. ಹೊಟ್ಟೆ ತೆರೆದು, ಸ್ನಾಯುವಿನ ಹಿಂದೆ, ಒಳಪೊರೆಯ ಮುಂದೆ ಜಾಗ ಬಿಡಿಸಿ ಸಾದಾ ಜಾಲರಿ ಹಾಸಿದೆ. ಅಲ್ಲಿ ಅದಕ್ಕೂ ಕರುಳಿಗೂ ಭೇಟಿಯೇ ಇಲ್ಲ. ಹಳೆಯ ವಿಧಾನ, ಕೈತುಂಬ ಕೆಲಸ, ಉದ್ದದ ಗಾಯ, ನೋವೂ ಹೆಚ್ಚು. ನನಗೆ ಸಿಕ್ಕ ಮೆಚ್ಚುಗೆ ಹೀಗಿತ್ತು:

"ಭಟ್ರ ಹತ್ರ ಮಾಡಿಸ್ಕೊಂಡೋರು ಮಾರನೇ ದಿನ ಎದ್ದು ಓಡಾಡ್ತಾರಂತೆ. ನೀವು ನೋಡಿದ್ರೆ ಹಲಸಿನಕಾಯಿ ಸೀಳಿದ ಹಾಗೆ ಸೀಳಿದೀರಿ. ಫಾರಿನ್ನಲ್ಲಿ ಕಲ್ತಿದ್ದು ಇದೇನಾ?"

"ಇದೇ" ಅಂದೆ.

ಶಿವಮೊಗ್ಗ

ವೈದ್ಯರ ಸಂಘದ ಸಭೆಯಲ್ಲಿ ಭಟ್ಟರ ಭಾಷಣವಿತ್ತು. ಹಿಂದಿನ ಸಾಲಿನಲ್ಲಿ ಕೂತೆ. ನದಿಯ ಚಿತ್ರ, ಸೇತುವೆಯ ಚಿತ್ರ, ಬೋ ಟೈಯ ಜೊತೆ ಭಟ್ಟರ ಚಿತ್ರ. ನಂತರ ಜಾಲರಿ. "ನಾವು ಕಣ್ಣಾರೆ ಎರಡು ಪ್ರಾಣಿಗಳನ್ನು ನೋಡಿದೆವು. ಎರಡರಲ್ಲೂ ಕರುಳು ಮುಕ್ತವಾಗಿತ್ತು."

ಎದ್ದು ನಿಂತೆ. "ಮೂರು, ಭಟ್ರೇ."

ಸಭೆ ಹಿಂತಿರುಗಿ ನೋಡಿತು. ಮೂರನೆಯದರ ಹೊಟ್ಟೆಯಲ್ಲಿ ಕಂಡದ್ದನ್ನೂ ಸೂಕ್ಷ್ಮದರ್ಶಕದಲ್ಲಿ ಕಾಣದ ಕೀವನ್ನೂ ಹೇಳಿದೆ. ಯಾರು ತೋರಿಸಿದರೆಂಬುದನ್ನು ಮಾತ್ರ ಬಿಟ್ಟು, ಕಾಫಿಯ ಹೊತ್ತಿನಲ್ಲಿ ನಾನೇ ಕದ್ದು ನೋಡಿದೆ ಎಂದೆ. ಮುಂದಿನ ಸಾಲಿನಲ್ಲಿ ರೋಹಿತ್ ಏನನ್ನೂ ನೋಟ್ ಮಾಡಿಕೊಳ್ಳಲಿಲ್ಲ. ಅಧ್ಯಕ್ಷರು ಗಡಿಯಾರ ನೋಡಿ, "ಬಹಳ ಸ್ವಾರಸ್ಯಕರ ಚರ್ಚೆ. ಊಟ ತಣ್ಣಗಾಗುತ್ತಿದೆ" ಎಂದರು. ನಮ್ಮ ವಿಜ್ಞಾನ ಅಲ್ಲಿಗೆ ಮುಗಿಯಿತು. ಒಬ್ಬ ತರುಣ ವೈದ್ಯ ನನ್ನ ಪಕ್ಕದಿಂದ ಹಾದುಹೋಗುವಾಗ, "ಮೇಡಂಗೆ ಮುಂದಿನ ಸಲ ಟಿಕೆಟ್ ಸಿಗಲ್ಲ" ಎಂದು ಗೆಳೆಯನಿಗೆ ಹೇಳಿದ.

ಭಟ್ಟರು ತಟ್ಟೆ ಹಿಡಿದುಕೊಂಡು ಬಂದರು. ಜಗಳಕ್ಕೆ ಸಿದ್ಧಳಾದೆ. ಅವರು ಹೋಳಿಗೆಯನ್ನು ತಟ್ಟೆಯಲ್ಲೇ ಅತ್ತಿತ್ತ ಸರಿಸುತ್ತ ಇದ್ದರು.

"ವರದಹಳ್ಳಿಯ ಮಂಜಪ್ಪ ಅಂತ ಒಬ್ಬ. ಆಶ್ರಮಕ್ಕೆ ಬರೋರಿಗೆ ತೆಂಗಿನಕಾಯಿ ಮಾರ್ತಾನೆ. ಹೋದ ವರ್ಷ ನಾನೇ ಜಾಲರಿ ಇಟ್ಟಿದ್ದು. ಈಗ ತಿಂದಾಗೆಲ್ಲ ಹೊಟ್ಟೆ ಹಿಂಡತ್ತೆ, ವಾಂತಿ ಆಗತ್ತೆ. ಗ್ಯಾಸು ಅಂತ ಮಾತ್ರೆ ಕೊಟ್ಟು ಕಳಿಸ್ತಾ ಇದ್ದೆ. ನಿನ್ನೆ ಅಡ್ಮಿಟ್ ಆಗಿದಾನೆ."

"ಸ್ಕ್ಯಾನ್?"

"ಮೊಳೆ ಹತ್ರಾನೇ ಕರುಳು ಕಟ್ಟಿದೆ." ಅವರ ದನಿ ಇಳಿಯಿತು. "ತೆರೀಬೇಕು. ನೀವು ಬರ್ತೀರಾ?"

ಸಾಗರ

ಎರಡೂ ಕಡೆ ನಿಂತು ತೆರೆದೆವು. ಬೆರಳು ಒಳಗೆ ಹೋಗಲಿಲ್ಲ. ಬುಡಾಪೆಸ್ಟಿನ ಪರದೆಯ ಮೇಲೆ ಕಂಡಿದ್ದು ಇಲ್ಲಿ ಇನ್ನೂ ದಪ್ಪಗೆ, ಇನ್ನೂ ಹಳೆಯದಾಗಿ ಕೂತಿತ್ತು. ಒಂದು ಸುರುಳಿಯಂತೂ ಜಾಲರಿಯ ಅಂಚಿಗೆ ಮಡಿಸಿಕೊಂಡೇ ಬೆಳೆದುಬಿಟ್ಟಿತ್ತು. ಭಟ್ಟರು ಕತ್ತರಿ ಇಟ್ಟರು, ತೆಗೆದರು, ಮತ್ತೆ ಇಟ್ಟರು. ನನ್ನೊಂದಿಗೆ ಅವರು ಯಾವತ್ತೂ ಆಡದ ಮನೆಮಾತು ಹೊರಬಂತು.

"ಕತ್ತರಿ ನೀ ಹಿಡಿ. ಎನ್ನ ಕೈಲಿ ಆಗ್ತಿಲ್ಲೆ."

ಹಿಡಿದೆ. ಅವರು ಕರುಳನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯುತ್ತ ಹೋದರು, ನಾನು ಎಳೆ ಎಳೆಯಾಗಿ ಬಿಡಿಸುತ್ತ ಹೋದೆ. ಆ ಮಡಿಸಿಕೊಂಡ ತುಂಡು ಬರಲೇ ಇಲ್ಲ. ಅದನ್ನು ಕತ್ತರಿಸಿ ತೆಗೆದು ಎರಡು ತುದಿ ಸೇರಿಸಿದೆವು. ಜಾಲರಿಯನ್ನು ಪೂರ್ತಿ ಹೊರತೆಗೆದೆವು. ಮುದುಡಿ, ಗಟ್ಟಿಯಾಗಿ, ಒಣಗಿದ ಎಲೆಯಡಿಕೆ ಚೀಲದ ಹಾಗಿತ್ತು. ಭಟ್ಟರು ಅದನ್ನು ದ್ರಾವಣದ ಬಾಟಲಿಗೆ ಹಾಕಿ, ಪರೀಕ್ಷೆಗೆ ಕಳಿಸಲು ತಾವೇ ಚೀಟಿ ಅಂಟಿಸಿದರು.

ಹೊರಗೆ ಬೆಂಚಿನ ಮೇಲೆ ಮಂಜಪ್ಪನ ಹೆಂಡತಿ ಕೂತಿದ್ದಳು. ನಮ್ಮನ್ನು ಕಂಡು ಎದ್ದಳು.

"ಎಂತ ಆಗಿತ್ತು ಡಾಕ್ಟ್ರೇ?"

ಇಂಥ ಹೊತ್ತಿಗೆ ನಮ್ಮ ಬಳಿ ಸಿದ್ಧ ಉತ್ತರಗಳಿರುತ್ತವೆ. ಕೆಲವರ ದೇಹ ಹಾಗೆ. ಇದು ಯಾರಿಗಾದರೂ ಆಗಬಹುದು. ಅನ್ನ ಸರಿಯಾಗಿ ಅಗಿದು ತಿನ್ನದಿದ್ದರೂ ಆಗುತ್ತದೆ. ನಾನು ಅವುಗಳಲ್ಲಿ ಒಂದನ್ನು ನಿರೀಕ್ಷಿಸುತ್ತ ನಿಂತೆ.

"ನಾನು ಒಳಗೆ ಇಟ್ಟಿದ್ನಲ್ಲ ತಾಯಿ, ಆ ಜಾಲರಿಗೇ ಕರುಳು ಅಂಟಿಕೊಂಡಿತ್ತು" ಎಂದರು ಭಟ್ಟರು. "ಅವನು ಬಂದು ಹೇಳಿದಾಗ ನಾನು ನಂಬಲಿಲ್ಲ. ಗ್ಯಾಸು ಅಂದೆ."

ಅವಳು ಅವರ ಮುಖವನ್ನೇ ನೋಡಿದಳು. ಬೈದರೆ ಬೈಸಿಕೊಳ್ಳಲು ಭಟ್ಟರು ತಲೆ ತಗ್ಗಿಸಿ ನಿಂತಿದ್ದರು.

"ಈಗ ಅದು ಒಳಗಿಲ್ವಲ್ಲ?"

"ಇಲ್ಲ."

"ಹಂಗಾರೆ ಗಂಜಿ ಯಾವಾಗ ಕೊಡ್ಲಿ?" ಎಂದಳು.